ಹಣ್ಣಿನ ಸುಳಿಯ ಚೀಸ್‌ಕೇಕ್, ಬಿರುಕು ಬಿಡದಂತೆ

ಚೀಸ್‌ಕೇಕ್ ಬಿರುಕು ಬಿಟ್ಟರೆ ಎಲ್ಲರೂ ಓವನ್ನನ್ನೇ ದೂರುತ್ತಾರೆ. ಆದರೆ ಅರ್ಧ ತೊಂದರೆ ಅದಕ್ಕಿಂತ ಮುಂಚೆ, ಕಲಸುವ ಬಟ್ಟಲಿನಲ್ಲೇ ಶುರುವಾಗಿರುತ್ತದೆ. ಫ್ರಿಜ್‌ನಿಂದ ತೆಗೆದ ಕ್ರೀಮ್ ಚೀಸನ್ನು ಹಾಗೇ ಹಾಕಿ ಬೀಟರ್ ಓಡಿಸಿದರೆ ಗಂಟು ಗಂಟಾಗುತ್ತದೆ. ಗಂಟು ಬಿಡಿಸಲು ಇನ್ನೂ ಜೋರಾಗಿ ಓಡಿಸುತ್ತೀರಿ, ಆಗ ಒಳಗೆ ಗಾಳಿ ತುಂಬಿಕೊಳ್ಳುತ್ತದೆ. ಓವನ್ನಿನ ಬಿಸಿಗೆ ಆ ಗಾಳಿ ಉಬ್ಬುತ್ತದೆ, ಆಮೇಲೆ ಕೇಕ್ ಕುಸಿಯುತ್ತದೆ, ಮೇಲ್ಭಾಗ ಸೀಳುತ್ತದೆ. ಅದಕ್ಕೇ ಹೇಳುವುದು, ಒಂದು ಗಂಟೆ ಮೊದಲೇ ಚೀಸ್, ಮೊಟ್ಟೆ ಎಲ್ಲವನ್ನೂ ಹೊರಗಿಡಿ ಅಂತ. ಚೀಸನ್ನು ತುಂಡು ಮಾಡಿಟ್ಟರೆ ಬೇಗ ಮೆತ್ತಗಾಗುತ್ತದೆ. ಸೆಕೆ ಜಾಸ್ತಿ ಇದ್ದರೆ ಅರ್ಧ ಗಂಟೆ ಸಾಕು.

ಆ ಹೊತ್ತಿನಲ್ಲಿ ಹಣ್ಣಿನ ಕೆಲಸ ಮುಗಿಸಿಕೊಳ್ಳಿ. ನನ್ನ ಮಟ್ಟಿಗೆ ಹುಳಿ ಇರುವ ಹಣ್ಣೇ ಇದಕ್ಕೆ ಸರಿ. ಚೀಸಿನ ಜಿಡ್ಡನ್ನು ಮುರಿಯುವುದು ಹುಳಿ, ಸಿಹಿಯಲ್ಲ. ರಾಸ್ಪ್‌ಬೆರಿ, ಬ್ಲೂಬೆರಿ, ಸ್ಟ್ರಾಬೆರಿ ಯಾವುದಾದರೂ 200 ಗ್ರಾಂ ತಗೊಳ್ಳಿ. ಎರಡು ದೊಡ್ಡ ಚಮಚ ಸಕ್ಕರೆ, ಒಂದು ಚಿಕ್ಕ ಚಮಚ ನಿಂಬೆರಸ ಹಾಕಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿ, ಜರಡಿಯಲ್ಲಿ ಒತ್ತಿ ಸೋಸಿ. ಬೀಜವೆಲ್ಲ ಹೋಗುತ್ತದೆ. ಸೋಸಿದ್ದನ್ನು ಮತ್ತೆ ಸ್ವಲ್ಪ ಬತ್ತಿಸಿ. ತಣ್ಣನೆಯ ತಟ್ಟೆಯ ಮೇಲೆ ಒಂದು ಹನಿ ಬಿಟ್ಟು ತಟ್ಟೆ ಓರೆ ಮಾಡಿ ನೋಡಿ. ಹನಿ ಸರ್ರನೆ ಜಾರಿದರೆ ಇನ್ನೂ ಆಗಿಲ್ಲ ಅಂತ ಅರ್ಥ, ನಿಧಾನಕ್ಕೆ ಹರಿಯಬೇಕು. ನೀರಾಗಿರುವ ಸಾಸ್ ಹಾಕಿದರೆ ಅದು ಕೆಳಗೆ ಇಳಿದು ಅಲ್ಲಲ್ಲಿ ಒದ್ದೆ ಗುಳಿ ಮಾಡುತ್ತದೆ. ಪೂರ್ತಿ ತಣ್ಣಗಾಗುವವರೆಗೂ ಅದನ್ನು ಮುಟ್ಟಬೇಡಿ. ಅನಾನಸ್ ಅಥವಾ ಕಿವಿ ಹಣ್ಣು ಬಳಸುವುದಾದರೆ ಚೆನ್ನಾಗಿ ಬೇಯಿಸಲೇಬೇಕು. ಅವು ಹಸಿಯಾಗಿದ್ದರೆ ಹಾಲಿನ ಪದಾರ್ಥವನ್ನು ಕಹಿ ಮಾಡುತ್ತವೆ.

ತಳಕ್ಕೆ 20 ಸೆಂ.ಮೀ. ಅಗಲದ, ಬದಿ ಬಿಚ್ಚಿಕೊಳ್ಳುವ ಸ್ಪ್ರಿಂಗ್‌ಫಾರ್ಮ್ ಟಿನ್ ಇದ್ದರೆ ಒಳ್ಳೆಯದು. 150 ಗ್ರಾಂ ಬಿಸ್ಕತ್ತನ್ನು ನುಣ್ಣಗೆ ಪುಡಿ ಮಾಡಿ 70 ಗ್ರಾಂ ಕರಗಿಸಿದ ಬೆಣ್ಣೆಯಲ್ಲಿ ಕಲಸಿ. ಒದ್ದೆ ಮರಳಿನ ಹಾಗೆ ಮುಷ್ಟಿಯಲ್ಲಿ ಹಿಡಿದರೆ ನಿಲ್ಲಬೇಕು. ನಡುವೆ ಕ್ರೀಮ್ ಇರುವ ಬಿಸ್ಕತ್ತಾದರೆ ಬೆಣ್ಣೆ 50 ಗ್ರಾಂ ಸಾಕು, ಅದರಲ್ಲೇ ಜಿಡ್ಡಿದೆ. ಟಿನ್ನಿಗೆ ಬಟರ್ ಪೇಪರ್ ಹಾಸಿ, ಚಪ್ಪಟೆ ತಳದ ಲೋಟದಿಂದ ಗಟ್ಟಿಯಾಗಿ ಒತ್ತಿ. ಅಂಚು ಮತ್ತು ಮೂಲೆಯನ್ನು ಮರೆಯಬೇಡಿ, ಉದುರುವುದು ಅಲ್ಲಿಂದಲೇ. 175 ಡಿಗ್ರಿಯಲ್ಲಿ ಎಂಟು ಹತ್ತು ನಿಮಿಷ ಬೇಯಿಸಿ ಆರಲು ಬಿಡಿ. ಈ ಹೆಜ್ಜೆಯನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ, ಆಮೇಲೆ ತಳ ಮೆತ್ತಗಾಯಿತು ಅಂತ ಬೇಜಾರು ಮಾಡಿಕೊಳ್ಳುತ್ತಾರೆ.

ಈಗ ಮೆತ್ತಗಾದ 600 ಗ್ರಾಂ ಕ್ರೀಮ್ ಚೀಸನ್ನು 150 ಗ್ರಾಂ ಸಕ್ಕರೆ ಜೊತೆ ನುಣುಪಾಗುವವರೆಗೆ ಕಲಸಿ. ಬಟ್ಟಲಿನ ತಳ, ಬದಿ ಎಲ್ಲ ಕೆರೆದು ಒಳಗೆ ಸೇರಿಸುತ್ತಿರಿ. ಗಂಟು ಒಡೆಯಬೇಕಾದ್ದು ಈಗಲೇ, ಮೊಟ್ಟೆ ಹಾಕುವ ಮೊದಲು. ಆಮೇಲೆ ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರ್, 120 ಗ್ರಾಂ ಸೌರ್ ಕ್ರೀಮ್, ಸ್ವಲ್ಪ ವೆನಿಲಾ ಸೇರಿಸಿ. ಸೌರ್ ಕ್ರೀಮ್ ಇಲ್ಲದಿದ್ದರೆ ನೀರು ಬಸಿದ ಗಟ್ಟಿ ಮೊಸರಾದರೂ ಆಗುತ್ತದೆ. ಕೊನೆಗೆ ಮೂರು ಮೊಟ್ಟೆ, ಒಂದೊಂದಾಗಿ. ಇಲ್ಲಿಂದ ಬೀಟರ್ ವೇಗ ತೀರಾ ಕಡಿಮೆ ಇರಲಿ, ಹಳದಿ ಮರೆಯಾದ ಕೂಡಲೇ ನಿಲ್ಲಿಸಿ. ಟಿನ್ನಿಗೆ ಸುರಿದ ಮೇಲೆ ಎರಡು ಮೂರು ಸಲ ಮೇಜಿಗೆ ತಟ್ಟಿದರೆ ಉಳಿದ ಗುಳ್ಳೆಗಳು ಮೇಲೆ ಬಂದು ಒಡೆಯುತ್ತವೆ.

ಸುಳಿ ಎಳೆಯುವಾಗ ಕೈ ಬಿಗಿ ಹಿಡಿಯಿರಿ. ಸಾಸಿನಲ್ಲಿ ಅರ್ಧ ಮಾತ್ರ ತಗೊಂಡು ಮೇಲೆ ಚಿಕ್ಕ ಚಿಕ್ಕ ಬೊಟ್ಟು ಇಡಿ. ಟೂತ್‌ಪಿಕ್ಕಿನ ತುದಿಯನ್ನು ಒಂದು ಸೆಂ.ಮೀ. ಆಳಕ್ಕಷ್ಟೇ ಇಳಿಸಿ, ಒಂದು ಬೊಟ್ಟಿನಿಂದ ಇನ್ನೊಂದಕ್ಕೆ ಎಳೆಯುತ್ತಾ ಹೋಗಿ. ಚೆಂದ ಕಾಣಿಸಿದ ಕೂಡಲೇ ನಿಲ್ಲಿಸಿಬಿಡಿ. ಇನ್ನೊಂದು ಸುತ್ತು ಅಂತ ಆಸೆ ಬರುತ್ತದೆ, ಅಲ್ವಾ? ಆ ಸುತ್ತಿನಲ್ಲೇ ಬಣ್ಣವೆಲ್ಲ ಕಲಸಿ ಮಂಕಾಗುವುದು.

ಇನ್ನು ಓವನ್. ಚೀಸ್‌ಕೇಕನ್ನು ಗಟ್ಟಿ ಮಾಡುವುದು ಮೊಟ್ಟೆ. ಮೊಟ್ಟೆ ಜೋರು ಬಿಸಿಯನ್ನು ತಡೆಯುವುದಿಲ್ಲ, ಬಿಗಿದುಕೊಂಡು ನೀರು ಬಿಡುತ್ತದೆ. ಅದಕ್ಕೇ ಬಿಸಿನೀರಿನ ತಟ್ಟೆ. ನೀರು 100 ಡಿಗ್ರಿ ದಾಟುವುದಿಲ್ಲ, ಹಾಗಾಗಿ ಅಂಚು ಸುಡದೆ ಎಲ್ಲ ಕಡೆ ಸಮನಾಗಿ ಬೇಯುತ್ತದೆ. ಟಿನ್ನಿನ ಹೊರಗೆ ಅಗಲದ ಫಾಯಿಲ್ ಎರಡು ಸುತ್ತು ಸುತ್ತಿ, ದೊಡ್ಡ ಟ್ರೇಯಲ್ಲಿಟ್ಟು, ಟಿನ್ನಿನ ಮೂರನೇ ಒಂದು ಭಾಗ ಮುಳುಗುವಷ್ಟು ಬಿಸಿನೀರು ಹಾಕಿ. ಫಾಯಿಲ್ ಎಲ್ಲೂ ಹರಿದಿರಬಾರದು, ನೀರು ಒಳಗೆ ಹೋದರೆ ತಳ ಹಾಳು. 160 ಡಿಗ್ರಿಯಲ್ಲಿ 50ರಿಂದ 60 ನಿಮಿಷ ಬೇಕಾಗುತ್ತದೆ. ಫ್ಯಾನ್ ಓಡುವ ಓವನ್ ಆದರೆ 20 ಡಿಗ್ರಿ ಕಡಿಮೆ ಇಡಿ. ಮೊದಲ 45 ನಿಮಿಷ ಬಾಗಿಲು ತೆರೆಯಲೇಬೇಡಿ.

ಬೆಂದಿದೆಯೋ ಇಲ್ಲವೋ ನೋಡಲು ಕಡ್ಡಿ ಚುಚ್ಚಬೇಡಿ. ಕಡ್ಡಿ ಚುಚ್ಚಿದ ಜಾಗದಿಂದಲೇ ಬಿರುಕು ಹೊರಡುತ್ತದೆ. ಟಿನ್ನನ್ನು ಮೆಲ್ಲಗೆ ಅಲ್ಲಾಡಿಸಿ. ಅಂಚು ಕದಲದೆ, ನಡುವಿನ ಐದಾರು ಸೆಂ.ಮೀ. ಮಾತ್ರ ನಡುಗಬೇಕು. ನಡುಭಾಗ ಹಸಿ ಅಂತ ಹೆದರಿ ಇನ್ನೂ ಬೇಯಿಸುವವರೇ ಜಾಸ್ತಿ. ಥರ್ಮಾಮೀಟರ್ ಹಾಕಲೇಬೇಕೆನಿಸಿದರೆ ಒಂದೇ ಸಲ, ಅದೂ ನಡುವಿನಲ್ಲಿ ಹಾಕಿ. 66 ಡಿಗ್ರಿ ಬಂದರೆ ಓವನ್ ಆರಿಸಬಹುದು. ತೂತನ್ನು ಆಮೇಲೆ ಸಾಸಿನಲ್ಲಿ ಮುಚ್ಚಬಹುದು. ಉಳಿದದ್ದು ಒಳಗಿನ ಬಿಸಿಗೆ, ಆಮೇಲೆ ಫ್ರಿಜ್ಜಿನ ತಂಪಿಗೆ ತಾನೇ ಗಟ್ಟಿಯಾಗುತ್ತದೆ.

ಓವನ್ ಆರಿಸಿದ ಮೇಲೆ ಬಾಗಿಲಿಗೆ ಮರದ ಸೌಟು ಸಿಕ್ಕಿಸಿ, ಒಂದು ಗಂಟೆ ಒಳಗೇ ಬಿಡಿ. ದಿಢೀರನೆ ತಂಪು ತಗುಲಿದರೆ ಕೇಕ್ ಕುಗ್ಗುತ್ತದೆ. ಹೊರಗೆ ತೆಗೆದ ಕೂಡಲೇ ತೆಳು ಚಾಕುವನ್ನು ಟಿನ್ನಿನ ಒಳಬದಿಗೆ ಸುತ್ತಲೂ ಆಡಿಸಿ. ಬದಿ ಅಂಟಿಕೊಂಡಿದ್ದರೆ, ಕುಗ್ಗುವಾಗ ನಡುಭಾಗ ಎಳೆದು ಸೀಳುವುದು ಹಾಗೆಯೇ. ಉಗುರುಬೆಚ್ಚಗಾದ ಮೇಲೆ ಮುಚ್ಚಿ ಇಡೀ ರಾತ್ರಿ ಫ್ರಿಜ್ಜಿನಲ್ಲಿಡಿ. ಸಂಜೆ ಮಾಡಿ ರಾತ್ರಿಯೇ ತಿನ್ನುವ ಯೋಚನೆ ದಯವಿಟ್ಟು ಬೇಡ. ಅಷ್ಟು ಹೊತ್ತಿಗೆ ಅದು ನುಣ್ಣಗಾಗಿರುವುದಿಲ್ಲ, ರುಚಿಯೂ ಕೂಡಿರುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಒಂದು ಗೆರೆ ಬಿದ್ದರೆ ಬೇಸರ ಬೇಡ, ರುಚಿಗೆ ಏನೂ ಆಗುವುದಿಲ್ಲ. ಎತ್ತಿಟ್ಟ ಸಾಸನ್ನು ಮೇಲೆ ಹರಡಿದರೆ ಕಾಣಿಸುವುದೂ ಇಲ್ಲ. ಕತ್ತರಿಸುವಾಗ ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿ, ಪ್ರತಿ ತುಂಡಿಗೂ ಹೀಗೇ ಮಾಡಿ. ಫ್ರಿಜ್ಜಿನಲ್ಲಿ ನಾಲ್ಕು ದಿನ ಚೆನ್ನಾಗಿರುತ್ತದೆ. ಅದಕ್ಕೂ ಮೀರಿ ಇಡುವುದಾದರೆ ತುಂಡುಗಳನ್ನು ಬೇರೆ ಬೇರೆ ಸುತ್ತಿ ಫ್ರೀಜರ್‌ಗೆ ಹಾಕಿ. ತಿನ್ನುವ ಹಿಂದಿನ ರಾತ್ರಿ ಕೆಳಗಿನ ಖಾನೆಗೆ ಇಳಿಸಿದರೆ ಸಾಕು.