ನಾಲ್ಕನೇ ಹಂತದ ಕ್ಯಾನ್ಸರ್: ಚಿಕಿತ್ಸೆಗೆ ಮುನ್ನ ಏನೇನು ಕೇಳಬೇಕು?

‘ಫೋರ್ತ್ ಸ್ಟೇಜ್’ (ಸಾಮಾನ್ಯವಾಗಿ, ಕ್ಯಾನ್ಸರ್ ದೂರದ ಅಂಗಗಳಿಗೂ ಹರಡಿದ ಹಂತ) ಎಂದ ಮೇಲೆ ಡಾಕ್ಟರ್ ಆಡಿದ ಮಿಕ್ಕ ಮಾತು ಹಲವರ ತಲೆಗೆ ಹೋಗುವುದೇ ಇಲ್ಲ. ಹಾಗಾಗಿ ಮುಂದಿನ ಭೇಟಿಗೆ ಪ್ರಶ್ನೆಗಳನ್ನು ಬರೆದುಕೊಂಡು, ಮನೆಯವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.

ಗಡ್ಡೆ ಹುಟ್ಟಿದ್ದೆಲ್ಲಿ, ಈಗ ಎಲ್ಲೆಲ್ಲಿದೆ ಎಂಬುದನ್ನು ಮೊದಲು ಕೇಳಿ. ಸ್ತನದ ಕ್ಯಾನ್ಸರ್ ಲಿವರ್‌ಗೆ ಹರಡಿದರೂ ಅದು ಸ್ತನದ ಕ್ಯಾನ್ಸರೇ, ಔಷಧವೂ ಅದಕ್ಕೆ ತಕ್ಕದ್ದೇ. ಆಮೇಲೆ ಬಯಾಪ್ಸಿ, ಅಂದರೆ ಗಡ್ಡೆಯ ತುಣುಕು ತೆಗೆದು ಮಾಡಿದ ಪರೀಕ್ಷೆಯ ವರದಿ ಕೇಳಿ. ಸ್ತನದ ಗಡ್ಡೆಯಾದರೆ ಇಆರ್, ಪಿಆರ್ (ಹಾರ್ಮೋನ್ ಗ್ರಾಹಕಗಳು), ಹರ್-2 (ಒಂದು ಪ್ರೋಟೀನ್) ಪರೀಕ್ಷೆ ಆಗಿರಬೇಕು. ಶ್ವಾಸಕೋಶದ್ದಾದರೆ ಇಜಿಎಫ್ಆರ್, ಎಎಲ್‌ಕೆ ಎಂಬ ಜೀನ್‌ಗಳ ಪರೀಕ್ಷೆ ಬೇಕೇ ಎಂದು ವಿಚಾರಿಸಿ. ಕೆಲವರಿಗೆ ಕಿಮೋ ಬದಲು ಮಾತ್ರೆಯಲ್ಲೇ ಚಿಕಿತ್ಸೆ ಶುರು ಮಾಡಲು ಸಾಧ್ಯವೇ ಎಂಬುದು ಇದರಿಂದ ಗೊತ್ತಾಗುತ್ತದೆ.

ಎಲ್ಲಕ್ಕಿಂತ ಮುಖ್ಯವೆಂದು ನಾನು ನಂಬಿರುವ ಪ್ರಶ್ನೆ ಮುಂದಿನದು: ‘ಈ ಚಿಕಿತ್ಸೆ ಯಾತಕ್ಕಾಗಿ?’ ಪೂರ್ತಿ ವಾಸಿ ಮಾಡಲೋ, ಆಯುಷ್ಯ ಹೆಚ್ಚಿಸಲೋ, ನೋವು ತಗ್ಗಿಸಲೋ? ವೃಷಣದ ಕ್ಯಾನ್ಸರ್‌ನಂಥ ಕೆಲವು, ಹರಡಿದ ಮೇಲೂ ವಾಸಿಯಾಗುತ್ತವೆ. ಬಹುಪಾಲು ಹಾಗಲ್ಲ, ಆದರೆ ಎಷ್ಟೋ ಮಂದಿಯಲ್ಲಿ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಹತೋಟಿಯಲ್ಲಿರುತ್ತವೆ. ಉತ್ತರ ಸ್ಪಷ್ಟವಾಗುವ ಮುಂಚೆ ದಯವಿಟ್ಟು ಜಮೀನು ಮಾರಬೇಡಿ. ಎಷ್ಟು ಸೈಕಲ್ (ಚಿಕಿತ್ಸೆಯ ಸುತ್ತು) ಆದ ಮೇಲೆ ಸ್ಕ್ಯಾನ್, ಔಷಧ ಹಿಡಿಯದಿದ್ದರೆ ಮುಂದೇನು ಎಂದೂ ಕೇಳಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ.

ಈ ಮಾತುಕತೆಯ ಹೊತ್ತಿನಲ್ಲಿ ರೋಗಿಯನ್ನು ಹೊರಗೆ ಕೂರಿಸುವುದು ನಮ್ಮಲ್ಲಿ ವಾಡಿಕೆ. ಪ್ರೀತಿಯಿಂದಲೇ ಮಾಡುತ್ತೇವೆ, ನಿಜ. ಆದರೆ ಮೈ ಅವರದು. ಎಷ್ಟು ತಿಳಿಯಬೇಕೆಂದು ಅವರನ್ನೇ ಕೇಳಿ.

ನೋವಿನ ವಿಷಯದಲ್ಲಂತೂ ಸಹಿಸಿಕೊಳ್ಳಿ ಎಂಬ ಮಾತೇ ಬೇಡ. ಮಾರ್ಫಿನ್ ಎಂಬ ಪ್ರಬಲ ನೋವು ನಿವಾರಕದ ಹೆಸರು ಕೇಳಿದರೆ ‘ಚಟ ಹತ್ತುತ್ತದೆ, ಇನ್ನು ಮುಗಿಯಿತು’ ಎಂದು ಹೆದರುವವರು ಬಹಳ. ಕ್ಯಾನ್ಸರ್ ನೋವಿಗೆ ಡಾಕ್ಟರ್ ಹೇಳಿದ ಪ್ರಮಾಣದಲ್ಲಿ ತೆಗೆದುಕೊಂಡರೆ ಚಟವಾಗುವುದು ಅಪರೂಪ. ಸಾಮಾನ್ಯ ಮಾರ್ಫಿನ್ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ. ಅದಕ್ಕೇ ನೋವು ಮರುಕಳಿಸುವವರೆಗೆ ಕಾಯದೆ ಹೊತ್ತು ಹೊತ್ತಿಗೆ ಕೊಡಬೇಕು. ಮಲಬದ್ಧತೆ ಆಗಿಯೇ ಆಗುತ್ತದೆನ್ನಬಹುದು, ಅದರ ಔಷಧವನ್ನೂ ಜೊತೆಯಲ್ಲೇ ಬರೆಸಿಕೊಳ್ಳಿ.

ಪ್ಯಾಲಿಯೇಟಿವ್ ಕೇರ್, ಅಂದರೆ ನೋವು, ಸಂಕಟ ತಗ್ಗಿಸುವ ಆರೈಕೆ, ಕೊನೇ ದಿನಗಳಿಗೆ ಮಾತ್ರ ಮೀಸಲಲ್ಲ. ಹರಡಿದ ಶ್ವಾಸಕೋಶ ಕ್ಯಾನ್ಸರ್ ಇದ್ದವರ ಮೇಲೆ ಬಾಸ್ಟನ್‌ನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಆರೈಕೆಯನ್ನು ಆರಂಭದಿಂದಲೇ ಪಡೆದವರು ಹೆಚ್ಚು ನೆಮ್ಮದಿಯಾಗಿದ್ದರು, ಹೆಚ್ಚು ಕಾಲವೂ ಬದುಕಿದರು. ಕಿಮೋ ನಡೆಯುತ್ತಿರುವಾಗಲೇ ಇದನ್ನು ಕೇಳಿ ಪಡೆಯಿರಿ. ರೋಗ ವಾಸಿಯಾಗದ ಹಂತಕ್ಕೆ ಬಂದವರನ್ನು ಬೆಂಗಳೂರಿನ ಕರುಣಾಶ್ರಯ ಎಂಬ ಆರೈಕೆ ಕೇಂದ್ರ ಉಚಿತವಾಗಿ ನೋಡಿಕೊಳ್ಳುತ್ತದೆ.

ಆಸ್ಪತ್ರೆಯ ತುರ್ತು ನಂಬರ್ ಗೋಡೆಗೆ ಅಂಟಿಸಿಡಿ. ಕಿಮೋ ನಡುವೆ ಜ್ವರ 100.4 ಡಿಗ್ರಿ ಮುಟ್ಟಿದರೆ, ಬೆನ್ನುನೋವಿನ ಜೊತೆ ಕಾಲಿನ ಬಲ ಕುಂದಿದರೆ ಅಥವಾ ಮೂತ್ರ ಕಟ್ಟಿದರೆ, ಬೆಳಗಾಗಲೆಂದು ಕಾಯಬೇಡಿ, ಆ ರಾತ್ರಿಯೇ ಹೊರಡಿ.