ಗ್ಯಾಸ್ ಅಂತ ಪಂದಿ ಕರಿ ಬಿಡೋಕೆ ಮೊದ್ಲು ಇದನ್ನ ಮಾಡಿ ನೋಡಿ

ಮದುವೆ ಊಟ ಮುಗ್ಸಿ ಬಂದು ಹೊಟ್ಟೆ ಉಬ್ಬರ್ಸ್ಕೊಂಡು ಕೂತಾಗ ನಮ್ ಕೊಡಗಲ್ಲಿ ಮೊದ್ಲು ಬೈಸ್ಕೊಳ್ಳೋದು ಪಂದಿ ಕರಿ. ಕೊಬ್ಬು ಜಾಸ್ತಿ ಆದ್ರೆ ಹೊಟ್ಟೆ ಭಾರ ಆಗೋದು ನಿಜ, ಆದ್ರೆ ಗ್ಯಾಸ್ ವಿಷ್ಯದಲ್ಲಿ ನನ್ನ ಡೌಟು ಮಾಂಸದ ಮೇಲಲ್ಲ, ಮಸಾಲೆಗೆ ಹಾಕಿರೋ ಈರುಳ್ಳಿ ಬೆಳ್ಳುಳ್ಳಿ ಮೇಲೆ. ಅದ್ರಲ್ಲಿರೋ ಫ್ರಕ್ಟಾನ್ ಅನ್ನೋ ಒಂಥರ ನಾರನ್ನ ಅರಗಿಸೋ ಕಿಣ್ವ ಮನುಷ್ಯರಿಗೆ ಇಲ್ವೇ ಇಲ್ಲ, ಅದು ಹಾಗೇ ದೊಡ್ಡ ಕರುಳಿಗೆ ಇಳಿಯುತ್ತೆ, ಅಲ್ಲಿನ ಬ್ಯಾಕ್ಟೀರಿಯಾ ಅದನ್ನ ತಿಂದು ಗ್ಯಾಸ್ ಬಿಡ್ತಾವೆ. ಇದು ಎಲ್ರಿಗೂ ಆಗೋದೇ, ಐಬಿಎಸ್ (ಪದೇ ಪದೇ ಹೊಟ್ಟೆನೋವು, ಭೇದಿ ಇಲ್ಲಾ ಮಲಬದ್ಧತೆ ಕಾಡೋ ತೊಂದ್ರೆ) ಇರೋರ ಕರುಳು ಸೂಕ್ಷ್ಮ ಆಗಿರೋದ್ರಿಂದ ಅವ್ರಿಗೆ ನೋವು, ಉಬ್ಬರ ಜಾಸ್ತಿ.

ಹೀಗೆ ಸರಿಯಾಗಿ ಅರಗದೆ ದೊಡ್ಡ ಕರುಳಿಗೆ ಇಳಿಯೋ ನಾರು ಸಕ್ಕರೆಗಳಿಗೆ ಆಸ್ಟ್ರೇಲಿಯಾದ ಮೊನಾಶ್ ಯೂನಿವರ್ಸಿಟಿಯವ್ರು ಫಾಡ್‌ಮ್ಯಾಪ್ ಅಂತ ಹೆಸ್ರಿಟ್ಟಿದಾರೆ. ಇವು ಇರೋ ಆಹಾರನ ಕೆಲವು ವಾರ ಬಿಟ್ಟು ಆಮೇಲೆ ಒಂದೊಂದಾಗಿ ವಾಪಸ್ ತರೋ ಅವ್ರ ಪದ್ಧತಿನ ನಮ್ ಅಡುಗೆಮನೇಲಿ ಮಾಡೋದು ಹೀಗೆ.

ಮೊದ್ಲು ಡಾಕ್ಟರ್. ಮಲದಲ್ಲಿ ರಕ್ತ, ಸುಮ್‌ಸುಮ್ನೆ ತೂಕ ಇಳಿಯೋದು, ರಕ್ತಹೀನತೆ, ರಾತ್ರಿ ನಿದ್ದೆಯಿಂದ ಎಬ್ಬಿಸೋ ಭೇದಿ ಇದ್ರೆ ಡಯಟ್ ಗಿಯಟ್ ಎಲ್ಲ ಆಮೇಲೆ. ಸೀಲಿಯಾಕ್ (ಗೋಧಿಯಲ್ಲಿರೋ ಗ್ಲುಟೆನ್ ಆಗದೇ ಇರೋ ಕಾಯಿಲೆ) ಟೆಸ್ಟ್ ಮಾಡಿಸೋದಿದ್ರೆ ಗೋಧಿ ಬಿಡೋಕೆ ಮುಂಚೆನೇ ಮಾಡ್ಸಿ, ಬಿಟ್ಮೇಲೆ ಮಾಡ್ಸಿದ್ರೆ ರಿಸಲ್ಟ್ ನಂಬೋ ಹಾಗಿರಲ್ಲ.

ಆಮೇಲೆ 2ರಿಂದ 6 ವಾರ ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಹಾಲು, ಜೇನು, ಅವರೆಕಾಳು, ಬಟನ್ ಅಣಬೆ ಬಿಡಿ. ಜೇನು ಬಿಡಿ ಅಂದ್ರೆ ಕೊಡಗಿನವ್ರಿಗೆ ಬೇಜಾರಾಗುತ್ತೆ, ಗೊತ್ತು! ಆದ್ರೆ ಅಕ್ಕಿಯಿಂದ ತೊಂದ್ರೆ ಕಮ್ಮಿ ಅನ್ನೋದು ನಮ್ ಪುಣ್ಯ, ಕಡಂಬುಟ್ಟು, ನೂಲ್‌ಪುಟ್ಟು, ಅಕ್ಕಿ ಒಟ್ಟಿ ಧಾರಾಳ ತಿನ್ನಿ, ಪಾಪುಟ್ಟಿಗೆ ಮಾತ್ರ ಹಾಲು ಬೀಳುತ್ತೆ ನೋಡ್ಕೊಳ್ಳಿ. ಮೀನು, ಮೊಟ್ಟೆ, ಕಿತ್ತಳೆನೂ ಆಗುತ್ತೆ. ಬೆಳ್ಳುಳ್ಳಿ ಘಮ ಇಲ್ದೆ ಕರಿ ಸೇರಲ್ಲ ಅನ್ನೋರು ಇಡೀ ಎಸಳನ್ನ ಎಣ್ಣೇಲಿ ಕೆಂಪಗೆ ಹುರಿದು, ನೀರು ಮಾಂಸ ಹಾಕೋಕೆ ಮುಂಚೆ ಎಸಳೆಲ್ಲ ಎತ್ತಿ ಹೊರಗೆ ಹಾಕ್ಬಿಡಿ. ಫ್ರಕ್ಟಾನ್ ನೀರಲ್ಲಿ ಕರಗುತ್ತೆ, ಎಣ್ಣೇಲಿ ಕರಗಲ್ಲ, ಹಾಗಾಗಿ ಘಮ ಉಳಿಯುತ್ತೆ ಕಾಟ ಇರಲ್ಲ. ಈರುಳ್ಳಿ ಬದ್ಲು ಈರುಳ್ಳಿ ಸೊಪ್ಪಿನ ಹಸಿರು ಭಾಗ ಮಾತ್ರ ಹಾಕಿ.

ಆರು ವಾರ ಆದ್ರೂ ಏನೂ ಫರಕು ಕಾಣ್ಲಿಲ್ವಾ, ಈ ದಾರಿ ನಿಮಗಲ್ಲ, ನಿಲ್ಸಿ. ಆರಾಮ ಆದೋರು ಇಲ್ಲೇ ನಿಂತ್ಬಿಡ್ತಾರೆ, ಅದು ಸರಿಯಲ್ಲ. ಬಿಫಿಡೋ ಥರದ ಒಳ್ಳೇ ಬ್ಯಾಕ್ಟೀರಿಯಾಗೂ ಇದೇ ಊಟ, ಬಹಳ ದಿನ ಕೊಡ್ದೇ ಇದ್ರೆ ಅವು ಕಮ್ಮಿ ಆಗ್ತಾವೆ. ಈ ನಾರು ಸಕ್ಕರೆನೆಲ್ಲ ಬ್ಯಾಕ್ಟೀರಿಯಾ ಒಡೆದಾಗ ಬ್ಯುಟಿರೇಟ್ ಅಂತ ಒಂದು ಬರುತ್ತೆ, ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಅದೇ ಮುಖ್ಯ ಇಂಧನ.

ಅದಕ್ಕೇ ಒಂದೊಂದಾಗಿ ವಾಪಸ್ ತನ್ನಿ. ಮಿಕ್ಕಿದ್ದೆಲ್ಲ ಬಿಟ್ಟ ಹಾಗೇ ಇರ್ಲಿ, ಮೂರು ದಿನ ಊಟಕ್ಕೆ ಹಾಲೊಂದನ್ನ ಮಾತ್ರ ವಾಪಸ್ ಸೇರ್ಸಿ, ಮೊದ್ಲ ದಿನ ಅರ್ಧ ಲೋಟ, ಆಮೇಲೆ ಜಾಸ್ತಿ. ಎರಡು ಮೂರು ದಿನ ಬಿಟ್ಟು ಜೇನು, ಆಮೇಲೆ ಈರುಳ್ಳಿ. ಹಾಲಲ್ಲಿ ಲ್ಯಾಕ್ಟೋಸ್, ಜೇನಲ್ಲಿ ಫ್ರಕ್ಟೋಸ್, ಒಂದು ಆಗದವ್ರಿಗೆ ಇನ್ನೊಂದು ಆಗ್ಬಹುದು. ಏನು ಎಷ್ಟು ತಿಂದ್ರಿ, ಎಷ್ಟೊತ್ತಿಗೆ ಉಬ್ಬರ ಬಂತು ಬರ್ದಿಡಿ. ಇದ್ರ ಮಧ್ಯೆ ಮದುವೆ ಬಂದ್ರೆ ಹೋಗಿ ಉಂಡು ಬನ್ನಿ, ಹೊಟ್ಟೆ ಸಮಾಧಾನ ಆದ್ಮೇಲೆ ಆ ಐಟಮ್‌ನ ಮೊದ್ಲಿಂದ ಶುರು ಮಾಡಿ.