ಪರ್ಷಿಯನ್ ಪಕ್ಕದಲ್ಲಿ ಎಸ್ಟೋನಿಯನ್ ಇಟ್ಟು ನೋಡಿದಾಗ

ಪರ್ಷಿಯನ್ ಕೈಗೆ ಹತ್ತಿದ ಮೇಲೆ ಎಸ್ಟೋನಿಯನ್ ಕಲಿಯಲು ಕುಳಿತೆ. ಮೊದಲನೆಯದು ಇಂಡೋ-ಯುರೋಪಿಯನ್ ಕುಟುಂಬದ್ದು. ಎರಡನೆಯದು ಯುರಾಲಿಕ್ ಕುಟುಂಬದ್ದು, ಫಿನ್ನಿಶ್ ಭಾಷೆಗೆ ಹತ್ತಿರದ ನಂಟು. ಆದರೂ ಆರಂಭದ ಪಾಠಗಳಲ್ಲೇ ಪರಿಚಿತ ಮುಖಗಳು ಕಂಡವು. ಎರಡರಲ್ಲೂ ಲಿಂಗಭೇದವಿಲ್ಲ: ಅವನಿಗೂ ಅವಳಿಗೂ ಪರ್ಷಿಯನ್ನಿನಲ್ಲಿ 'ಊ', ಎಸ್ಟೋನಿಯನ್ನಿನಲ್ಲಿ 'ತಾ'. ಹೌದು-ಅಲ್ಲ ಎಂಬ ಉತ್ತರ ಬಯಸುವ ಪ್ರಶ್ನೆಗೆ ವಾಕ್ಯದ ತಲೆಯಲ್ಲೊಂದು ಪದ: ಅಲ್ಲಿ 'ಆಯಾ', ಇಲ್ಲಿ 'ಕಸ್'.

ಇಂಥ ಪಟ್ಟಿಗಳ ಮೇಲೆ ನನಗೆ ನಂಬಿಕೆ ಕಡಿಮೆ. ಲಿಂಗಭೇದವಿಲ್ಲದ ಭಾಷೆಗಳು ಬೇಕಾದಷ್ಟಿವೆ. ಟರ್ಕಿಶ್, ಬಂಗಾಳಿ ಕೂಡ ಹಾಗೆಯೇ. ಅದಕ್ಕೇ ದಿನಬಳಕೆಯ ವಾಕ್ಯಗಳನ್ನು ನೋಟ್‌ಬುಕ್ಕಿನಲ್ಲಿ ಮೂರು ಸಾಲಾಗಿ ಬರೆಯತೊಡಗಿದೆ. ಮೂರನೆಯ ಸಾಲು ಕನ್ನಡದ್ದು. ಎರಡೇ ಭಾಷೆ ಎದುರಿಗಿದ್ದರೆ ಪ್ರತಿ ಹೋಲಿಕೆಯೂ ರಕ್ತಸಂಬಂಧದಂತೆ ತೋರುತ್ತದೆ. ಎರಡಕ್ಕೂ ಸೇರದ ದ್ರಾವಿಡ ಭಾಷೆಯಲ್ಲೂ ಅದೇ ಸಿಕ್ಕರೆ ಉತ್ಸಾಹ ಹದಕ್ಕೆ ಬರುತ್ತದೆ.

'ಖಾಬಮ್ ಮಿಯಾಯದ್' ಎನ್ನುತ್ತದೆ ಪರ್ಷಿಯನ್. 'ಮುಲ್ ತುಲೆಬ್ ಉನಿ ಪೆಯಲೆ' ಎನ್ನುತ್ತದೆ ಎಸ್ಟೋನಿಯನ್. ನನಗೆ ನಿದ್ದೆ ಬರುತ್ತಿದೆ. ಮೂರರಲ್ಲೂ ಬರುವುದು ನಿದ್ದೆ, ನಾನಲ್ಲ. ಆದರೆ ನನ್ನ ಹತ್ತಿರ ಪುಸ್ತಕ ಇದೆ ಎನ್ನಲು ಹೋದರೆ ಗುಂಪು ಒಡೆಯುತ್ತದೆ. ಎಸ್ಟೋನಿಯನ್ ನಮ್ಮಂತೆಯೇ 'ಮುಲ್ ಒನ್ ರಾಮತ್' ಎಂದು 'ಇರು' ಧಾತುವನ್ನು ಬಳಸುತ್ತದೆ. ಪರ್ಷಿಯನ್ನಿಗೆ 'ದಾರಮ್' ಎಂಬ ಬೇರೆಯೇ ಕ್ರಿಯಾಪದವಿದೆ, ಅದರ ಕರ್ತೃ ನಾನು.

ಹೆಚ್ಚು ಸಮಯ ತಿಂದದ್ದು ಕರ್ಮಪದ. 'ಕೆತಾಬ್ ಖಾಂದಮ್' ಎಂದರೆ ಪುಸ್ತಕ ಓದಿದೆ, ಯಾವುದೋ ಒಂದು. 'ಕೆತಾಬ್ ರಾ ಖಾಂದಮ್' ಎಂದರೆ ಗೊತ್ತಿರುವ ಆ ಪುಸ್ತಕವನ್ನು ಓದಿದೆ. ಎಸ್ಟೋನಿಯನ್ನಿನಲ್ಲೂ ಕರ್ಮಕ್ಕೆ ಎರಡು ವೇಷ: 'ಲುಗೆಸಿನ್ ರಾಮತುತ್' ಎಂದರೆ ಓದುತ್ತಿದ್ದೆ, 'ಲುಗೆಸಿನ್ ರಾಮತು ಲ್ಯಾಬಿ' ಎಂದರೆ ಓದಿ ಮುಗಿಸಿದೆ. ಇವೆರಡೂ ಒಂದೇ ವ್ಯವಸ್ಥೆಯೇ ಎಂದು ತಿಳಿಯಲು ವಾಕ್ಯಗಳನ್ನು ನಿಷೇಧರೂಪಕ್ಕೆ ತಿರುಗಿಸಿ ನೋಡಿದೆ. ಪರ್ಷಿಯನ್ನಿನ 'ರಾ' ಅಲುಗಲಿಲ್ಲ. ಎಸ್ಟೋನಿಯನ್ನಿನಲ್ಲಿ ಓದಿ ಮುಗಿಸದ ಪುಸ್ತಕವೂ 'ರಾಮತುತ್' ಆಯಿತು. ಅಲ್ಲಿ ಪ್ರಶ್ನೆ ಯಾವ ಪುಸ್ತಕ ಎಂಬುದು, ಇಲ್ಲಿ ಕೆಲಸ ಪೂರ್ತಿಯಾಯಿತೇ ಎಂಬುದು. ನಮ್ಮ 'ಅನ್ನು' ಪ್ರತ್ಯಯ ಪರ್ಷಿಯನ್ ಕಡೆ ನಿಲ್ಲುತ್ತದೆ. ಎಸ್ಟೋನಿಯನ್ನಿನ 14 ವಿಭಕ್ತಿಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಈ ಒಂದು ಪರೀಕ್ಷೆ ನನಗೆ ಹೆಚ್ಚು ಕಲಿಸಿತು.

ಕೇಳಿದ ಸುದ್ದಿಯನ್ನು ಹೇಳುವ ರೀತಿ ನನಗೆ ಎಲ್ಲಕ್ಕಿಂತ ಪ್ರಿಯ. 'ತಾ ಒಲೆವತ್ ಹೈಗೆ': ಅವನಿಗೆ ಹುಷಾರಿಲ್ಲವಂತೆ. ಪರ್ಷಿಯನ್ನಿನಲ್ಲಿ ಇದಕ್ಕೆಂದೇ ಪ್ರತ್ಯಯವಿಲ್ಲ. ಹಳೆಯ ಸಂಗತಿಯಾದರೆ 'ಮಿರಫ್ತೆ ಅಸ್ತ್', ಹೋಗುತ್ತಿದ್ದನಂತೆ, ಎಂಬ ಕ್ರಿಯಾರೂಪವೇ ಆ ಹೊರೆ ಹೊರುತ್ತದೆ. ಎಸ್ಟೋನಿಯನ್ ಪತ್ರಿಕೆ ಓದುವಾಗ ಈ 'ವತ್' ಕಂಡಲ್ಲೆಲ್ಲ ಅಂಚಿನಲ್ಲಿ 'ಅಂತೆ' ಎಂದು ಗೀಚಿಕೊಂಡು ಮುಂದೆ ಹೋಗುತ್ತೇನೆ. ನಿಘಂಟು ತೆರೆಯುವುದಕ್ಕಿಂತ ಅದು ಬೇಗ.